ದಿನಕ್ಕೆ ಮೂರು ಪೋಸ್ಟ್ ಹಾಕಿದರೂ ಹಪ್ಪಳದ ಆರ್ಡರ್ ಯಾಕೆ ಬರುತ್ತಿಲ್ಲ?

ಪ್ರಶ್ನೆ: ನಾವು ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯ ಏಳು ಜನ ಹೆಂಗಸರು. ಸಂಘ ಕಟ್ಟಿಕೊಂಡು ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲು (ಕೋಕಂ) ಶರಬತ್ತು ಮಾಡಿ ಮಾರುತ್ತೇವೆ. ಊರಿನ ಅಂಗಡಿಗಳಲ್ಲಿ, ಮೇಳಗಳಲ್ಲಿ ಚೆನ್ನಾಗಿ ಹೋಗುತ್ತದೆ. ಬೆಂಗಳೂರಿನ ಗಿರಾಕಿಗಳು ಸಿಗಲಿ ಅಂತ ಎಕ್ಸ್‌ನಲ್ಲಿ, ಅಂದರೆ ಹಳೇ ಟ್ವಿಟ್ಟರ್‌ನಲ್ಲಿ, ಖಾತೆ ತೆರೆದು ಎಂಟು ತಿಂಗಳಾಯಿತು. ದಿನಕ್ಕೆ ಮೂರು ಪೋಸ್ಟ್ ಹಾಕುತ್ತೇನೆ. ಹತ್ತು ಹನ್ನೆರಡು ಹ್ಯಾಶ್‌ಟ್ಯಾಗ್, ವಾಟ್ಸಾಪ್ ಲಿಂಕ್ ಎಲ್ಲಾ ಇರುತ್ತದೆ. ಫಾಲೋವರ್ಸ್ 214. ಬಂದಿರುವ ಆರ್ಡರ್ ಎರಡೇ. ಅದರಲ್ಲೂ ಒಂದು ನೆಂಟರದ್ದು. ಒಬ್ಬರು 3,000 ರೂಪಾಯಿಗೆ 5,000 ಫಾಲೋವರ್ಸ್ ಮಾಡಿಕೊಡುತ್ತೇನೆ ಅನ್ನುತ್ತಿದ್ದಾರೆ. ಕೊಡಬಹುದಾ? ಬರೆಯುವುದು ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ? ನಾನು ಎಲ್ಲಿ ಎಡವುತ್ತಿದ್ದೇನೆ?

ಉತ್ತರ: ಆ 3,000 ರೂಪಾಯಿ ಯಾರಿಗೂ ಕೊಡಬೇಡಿ. ಹಾಗೆ ಬರುವ 5,000 ಖಾತೆಗಳಲ್ಲಿ ಬಹುಪಾಲಿನ ಹಿಂದೆ ಮನುಷ್ಯರೇ ಇರುವುದಿಲ್ಲ. ಇದ್ದರೂ ಅವರಿಗೆ ಮಿಡಿ ಉಪ್ಪಿನಕಾಯಿಯ ಹೆಸರೂ ಗೊತ್ತಿರುವುದಿಲ್ಲ. ಇಂಥ ಖಾತೆಗಳನ್ನು ಎಕ್ಸ್ ಆಗಾಗ ಗುಡಿಸಿ ಹಾಕುತ್ತದೆ, ಆಗ ಸಂಖ್ಯೆಯೂ ಹೋಯಿತು, ದುಡ್ಡೂ ಹೋಯಿತು. ಉಳಿದುಕೊಂಡರೂ ಪ್ರಯೋಜನವಿಲ್ಲ. 5,000 ಜನ ಫಾಲೋ ಮಾಡುತ್ತಿರುವ ಖಾತೆಯ ಪೋಸ್ಟಿಗೆ ಎರಡು ಲೈಕ್ ಬಿದ್ದಿದ್ದರೆ ನೋಡಿದವರಿಗೇ ಅನುಮಾನ ಬರುತ್ತದೆ, ಅಲ್ವಾ?

214 ಕಡಿಮೆ ಏನಲ್ಲ. ಮೇಳದಲ್ಲಿ ನಿಮ್ಮ ಮಳಿಗೆಗೆ ಒಂದೇ ದಿನ 214 ಜನ ಬಂದರೆ ಹಪ್ಪಳ ಖಾಲಿಯಾಗುತ್ತದೆ. ಯಾಕೆ ಖಾಲಿಯಾಗುತ್ತದೆ ಅಂತ ಒಂದು ಸಲ ಯೋಚನೆ ಮಾಡಿ. ಬಂದವರು "ಇದಕ್ಕೆ ಸೋಡ ಹಾಕಿದೀರಾ?" ಅಂತಾರೆ. "ಇಲ್ಲ, ಬರೀ ಉಪ್ಪು, ಮೆಣಸು, ಜೀರಿಗೆ" ಅಂತೀರಿ. "ಮಿಡಿ ಎಷ್ಟು ದಿನ ಗಟ್ಟಿ ಇರತ್ತೆ?" ಅಂತಾರೆ. ಭರಣಿಯ ಮುಚ್ಚಳ ತೆಗೆದು ತೋರಿಸುತ್ತೀರಿ. ಕೊನೆಗೆ ಅವರು "ನಮ್ಮಜ್ಜಿ ಮನೇಲಿ ಹೀಗೇ ಮಾಡ್ತಿದ್ರು" ಅಂತ ಎರಡು ಕಟ್ಟು ಹಪ್ಪಳ ಒಯ್ಯುತ್ತಾರೆ. ಎಕ್ಸ್‌ನಲ್ಲಿ ಮಾತ್ರ ನೀವು ಅದೇ ಮಳಿಗೆಯಲ್ಲಿ ಮೈಕ್ ಹಿಡಿದು "ಶುದ್ಧ, ರುಚಿಕರ, ಮನೆಯಲ್ಲೇ ತಯಾರಿಸಿದ" ಎಂದು ಮೂರು ಸಲ ಕೂಗಿ ಒಳಗೆ ಹೋಗಿಬಿಡುತ್ತಿದ್ದೀರಿ. ಎಂಟು ತಿಂಗಳಲ್ಲಿ ನೀವು ಬೇರೆಯವರ ಪೋಸ್ಟಿಗೆ ಎಷ್ಟು ಸಲ ಉತ್ತರ ಬರೆದಿದ್ದೀರಿ? ಪ್ರಶ್ನೆಯಲ್ಲಿ ಅದರ ಸುದ್ದಿಯೇ ಇಲ್ಲ. ನನ್ನ ಪ್ರಕಾರ ನಿಮ್ಮ ತೊಂದರೆ ಇರುವುದು ಅಲ್ಲೇ. ಈ ಜಾಗದಲ್ಲಿ ವ್ಯಾಪಾರ ಆಗುವುದು ಪೋಸ್ಟ್‌ನಿಂದ ಅಲ್ಲ, ಉತ್ತರದಿಂದ.

ಇದು ನನ್ನೊಬ್ಬನ ಅಭಿಪ್ರಾಯ ಮಾತ್ರ ಅಲ್ಲ. 2023ರ ಮಾರ್ಚ್ 31ರಂದು ಟ್ವಿಟ್ಟರ್ ಕಂಪನಿ ತನ್ನ ಶಿಫಾರಸು ವ್ಯವಸ್ಥೆಯ ಕೋಡ್‌ನ ಒಂದು ಭಾಗವನ್ನು ಎಲ್ಲರೂ ನೋಡುವಂತೆ ಬಿಡುಗಡೆ ಮಾಡಿತು. ಯಾರ ಪರದೆಯ ಮೇಲೆ ಯಾವ ಪೋಸ್ಟ್ ಮೇಲೆ ಬರಬೇಕು ಅಂತ ತೀರ್ಮಾನಿಸುವಾಗ ಯಾವುದಕ್ಕೆ ಎಷ್ಟು ತೂಕ ಎಂಬುದು ಅದರಲ್ಲಿತ್ತು. ಓದುಗ ಲೈಕ್ ಒತ್ತುವ ಸಂಭವಕ್ಕೆ 0.5. ರೀಟ್ವೀಟ್ ಮಾಡುವ ಸಂಭವಕ್ಕೆ 1. ಉತ್ತರ ಬರೆಯುವ ಸಂಭವಕ್ಕೆ 13.5. ಓದುಗ ಉತ್ತರ ಬರೆದು, ಪೋಸ್ಟ್ ಹಾಕಿದವರು ಆ ಉತ್ತರಕ್ಕೆ ಸ್ಪಂದಿಸುವ ಸಂಭವಕ್ಕೆ 75! ಅಂದರೆ ಲೈಕ್‌ನ 150 ಪಟ್ಟು. ಇನ್ನೊಂದು ಕಡೆಯಿಂದ ನೋಡಿದರೆ, ಓದುಗ ಮ್ಯೂಟ್ ಅಥವಾ ಬ್ಲಾಕ್ ಮಾಡುವ ಸಂಭವಕ್ಕೆ ಮೈನಸ್ 74. ರಿಪೋರ್ಟ್ ಮಾಡುವ ಸಂಭವಕ್ಕೆ ಮೈನಸ್ 369. ಆಮೇಲೆ ಈ ವ್ಯವಸ್ಥೆ ಬದಲಾಗುತ್ತಲೇ ಬಂದಿದೆ, ಹಾಗಾಗಿ ಅಂಕಿಗಳನ್ನು ಬಾಯಿಪಾಠ ಮಾಡಬೇಡಿ. ಯಾವ ಕಡೆ ವಾಲಿದೆ ಅನ್ನುವುದನ್ನು ನೋಡಿ. ನಿಮ್ಮ ಪೋಸ್ಟಿನ ಕೆಳಗೆ ಯಾರೋ ಒಬ್ಬರು "ಬೆಲೆ ಎಷ್ಟು?" ಅಂತ ಕೇಳಿ ಎರಡು ದಿನ ಕಾದು ಸುಮ್ಮನಾದರೆ ಹೋದದ್ದು ಒಬ್ಬ ಗಿರಾಕಿ ಮಾತ್ರ ಅಲ್ಲ. ಆ ಪೋಸ್ಟ್ ನೋಡಬಹುದಾಗಿದ್ದ ಇನ್ನಷ್ಟು ಜನರೂ ಹೋದರು.

ಹಾಗಾದರೆ ಮೊದಲ ಕೆಲಸ ಹುಡುಕುವುದು. ಎಕ್ಸ್‌ನ ಹುಡುಕಾಟದ ಡಬ್ಬಿಯಲ್ಲಿ "ಅಪ್ಪೆಮಿಡಿ" ಅಂತ ಹಾಕಿ, ಮೇಲೆ ಬರುವ "ಲೇಟೆಸ್ಟ್" ಒತ್ತಿ. ಹೊಸದು ಮೊದಲು ಬರುತ್ತದೆ. ಆಮೇಲೆ "ಮಿಡಿ ಉಪ್ಪಿನಕಾಯಿ", "ಮಾವಿನ ಮಿಡಿ", "ಹಲಸಿನ ಹಪ್ಪಳ", "ಹಲಸಿನಕಾಯಿ ಹಪ್ಪಳ", "ಮುರುಗಲು", "ಕೋಕಂ" ಹೀಗೆ ಒಂದೊಂದೇ ಹುಡುಕಿ. ಇವೇ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು ಇನ್ನೂ ಜಾಸ್ತಿ. ಅವರ ಸ್ಪೆಲಿಂಗ್ ಒಬ್ಬೊಬ್ಬರದು ಒಂದೊಂದು ಥರ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಸರಕಿನ ಹೆಸರು ಮಾತ್ರ ಹುಡುಕಿದರೆ ಸಾಲದು. ಆ ಸರಕು ನೆನಪಾಗುವ ಹೊತ್ತನ್ನೂ ಹುಡುಕಬೇಕು. "ಮಳೆ ಹಪ್ಪಳ", "ಗಂಜಿ ಉಪ್ಪಿನಕಾಯಿ", "ಮೊಸರನ್ನ ಮಿಡಿ", "ಅಜ್ಜಿ ಮನೆ ಹಪ್ಪಳ" ಅಂತ ಹಾಕಿ ನೋಡಿ. ಜೂನ್ ಜುಲೈನಲ್ಲಿ ಬೆಂಗಳೂರಿನ ಸಂಜೆಗೆ ಒಂದು ಮಳೆ ಬಿದ್ದರೆ ಸಾಕು, "ಈಗ ಬಿಸಿ ಕಾಫಿ ಜೊತೆ ಹಲಸಿನ ಹಪ್ಪಳ ಇರಬೇಕಿತ್ತು" ಅಂತ ಬರೆಯುವವರು ಸಿಗುತ್ತಾರೆ. ಅವರೇ ನಿಮ್ಮ ಗಿರಾಕಿ. ಅವರು ನಿಮ್ಮ ಫಾಲೋವರ್ ಆಗಿರಬೇಕು ಅಂತೇನೂ ಇಲ್ಲ. ಇನ್ಸ್ಟಾಗ್ರಾಮ್‌ಗೂ ಎಕ್ಸ್‌ಗೂ ಇರುವ ದೊಡ್ಡ ವ್ಯತ್ಯಾಸ ಇದು: ಇಲ್ಲಿ ಗುರುತಿಲ್ಲದವರ ಮಾತಿನ ನಡುವೆ ಹೋಗಿ ಮಾತಾಡಿದರೂ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾತು ಚೆನ್ನಾಗಿದ್ದರೆ.

ಚೆನ್ನಾಗಿರುವುದು ಅಂದರೆ ಹೇಗೆ? ಯಾರೋ ಒಬ್ಬರು ಹೀಗೆ ಬರೆದಿದ್ದಾರೆ ಅಂದುಕೊಳ್ಳಿ: "ಬೆಂಗಳೂರಲ್ಲಿ ಒಳ್ಳೇ ಮಿಡಿ ಉಪ್ಪಿನಕಾಯಿ ಎಲ್ಲಿ ಸಿಗತ್ತೆ? ತಂದಿದ್ದೆಲ್ಲ ಮೆತ್ತಗಾಗಿದೆ." ಹೆಚ್ಚಿನ ಮಾರಾಟಗಾರರು ಕೆಳಗೆ "ನಮ್ಮಲ್ಲಿ ಸಿಗುತ್ತದೆ ಸರ್, ಡಿಎಂ ಮಾಡಿ" (ಅಂದರೆ ಖಾಸಗಿ ಸಂದೇಶ ಕಳಿಸಿ) ಅಂತ ಹಾಕಿ ನಂಬರ್ ಅಂಟಿಸುತ್ತಾರೆ. ಇದನ್ನು ನೂರು ಕಡೆ ಮಾಡಿದರೆ ಎಕ್ಸ್ ನಿಮ್ಮನ್ನು ಸ್ಪ್ಯಾಮ್ ಅಂತ ಹಿಡಿಯುತ್ತದೆ. ಅದಕ್ಕೂ ಮೊದಲೇ ಓದುಗರು ಮ್ಯೂಟ್ ಮಾಡಿರುತ್ತಾರೆ. ನೀವು ಹೀಗೆ ಬರೆದರೆ?

"ಕೊಳ್ಳುವಾಗ ಮಿಡಿಗೆ ತೊಟ್ಟು ಇದೆಯಾ ನೋಡಿ. ತೊಟ್ಟು ಮುರಿದ, ಕೆಳಗೆ ಬಿದ್ದು ಪೆಟ್ಟಾದ ಮಿಡಿ ಬೇಗ ಮೆತ್ತಗಾಗತ್ತೆ. ಮನೆಗೆ ತಂದ ಮೇಲೆ ಒದ್ದೆ ಚಮಚ ಹಾಕಬೇಡಿ. ನಾವು ಸಿದ್ದಾಪುರದವರು, ನಾವೂ ಮಾಡ್ತೀವಿ. ಬೇಕಾದ್ರೆ ಕೇಳಿ."

ಇದರಲ್ಲಿ ಮಾರಾಟದ ಮಾತು ಕೊನೆಯ ಎರಡು ಸಾಲಿನಲ್ಲಿ ಮಾತ್ರ ಇದೆ. ಮೊದಲ ಮೂರು ಸಾಲು ನಿಮ್ಮಿಂದ ಕೊಳ್ಳದಿದ್ದರೂ ಕೆಲಸಕ್ಕೆ ಬರುತ್ತದೆ. ಕೇಳಿದವರು ಒಬ್ಬರು, ಓದುವವರು ಹತ್ತಾರು ಜನ. ಆ ಹತ್ತಾರು ಜನರಲ್ಲಿ ಇಬ್ಬರಾದರೂ ನಿಮ್ಮ ಪ್ರೊಫೈಲ್ ಒತ್ತಿ ನೋಡುತ್ತಾರೆ. ಇಂಥ ಮಾತು ನಿಮ್ಮ ಹತ್ತಿರ ಮೂಟೆಗಟ್ಟಲೆ ಇದೆ, ನಿಮಗೆ ಅದು ವಿಷಯ ಅಂತಲೇ ಅನ್ನಿಸಿರುವುದಿಲ್ಲ ಅಷ್ಟೇ. ಸೊನೆಯ ಪರಿಮಳ ನೋಡಿ ಮಿಡಿ ಆರಿಸುವುದು, ಉಪ್ಪಿನಲ್ಲಿ ಹಾಕಿದ ಮಿಡಿ ಚಿರುಟುವವರೆಗೆ ಕಾಯುವುದು, ಹಪ್ಪಳಕ್ಕೆ ಎಂಥ ಕಾಯಿ ಬೇಕು ಅನ್ನುವುದು, ಇವು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತವರಿಗೆ ಹೊಸ ಸಂಗತಿ.

ಪ್ರೊಫೈಲ್ ಒತ್ತಿದವರಿಗೆ ಏನು ಕಾಣಬೇಕು ಅನ್ನುವುದನ್ನೂ ಸರಿ ಮಾಡಿಕೊಳ್ಳಿ. ಹೆಸರನ್ನು ಕನ್ನಡ, ಇಂಗ್ಲಿಷ್ ಎರಡೂ ಅಕ್ಷರದಲ್ಲಿ ಹಾಕಿ. ಹುಡುಕುವವರು ಎರಡರಲ್ಲೂ ಹುಡುಕುತ್ತಾರೆ. ಪರಿಚಯದ ಜಾಗದಲ್ಲಿ ಊರು, ಮಾಡುವ ಪದಾರ್ಥ, ಎಲ್ಲಿಗೆಲ್ಲ ಕಳಿಸುತ್ತೀರಿ, ಇಷ್ಟೇ ಸಾಕು. "ಸ್ತ್ರೀ ಸಬಲೀಕರಣದತ್ತ ಒಂದು ಹೆಜ್ಜೆ" ಥರದ ಸಾಲು ಬೇಡ. ಅದು ಅನುದಾನದ ಅರ್ಜಿಯಲ್ಲಿ ಇರಲಿ. ಒಂದು ಪೋಸ್ಟನ್ನು ಪಿನ್ ಮಾಡಿ ಮೇಲೆ ನಿಲ್ಲಿಸಿ. ಅದರಲ್ಲಿ ಈಗ ಏನಿದೆ, ಬೆಲೆ ಎಷ್ಟು, ಕೊರಿಯರ್ ಖರ್ಚು ಎಷ್ಟು, ಆರ್ಡರ್ ಹೇಗೆ, ಇವೆಲ್ಲ ಇರಲಿ. ಬೆಲೆ ಮುಚ್ಚಿಡಬೇಡಿ. "ಬೆಲೆಗೆ ಡಿಎಂ ಮಾಡಿ" ಅಂದ ತಕ್ಷಣ ಅರ್ಧ ಜನ ಹೊರಟು ಹೋಗುತ್ತಾರೆ. ಹಾಗೆಯೇ ಸೆಟ್ಟಿಂಗ್‌ನಲ್ಲಿ ಎಲ್ಲರಿಂದಲೂ ಸಂದೇಶ ಬರುವ ಹಾಗೆ ತೆರೆದಿಟ್ಟಿದ್ದೀರಾ ನೋಡಿ. ಅದು ಮುಚ್ಚಿದ್ದರೆ ಗಿರಾಕಿ ಬಾಗಿಲವರೆಗೆ ಬಂದು ವಾಪಸ್ ಹೋಗಿರುತ್ತಾರೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇನ್ನು ಪೋಸ್ಟ್. ದಿನಕ್ಕೆ ಮೂರು ಬೇಡ, ಒಂದು ಸಾಕು. ವಾರಕ್ಕೆ ನಾಲ್ಕಾದರೂ ನಡೆಯುತ್ತದೆ. ಉಳಿದ ಸಮಯ ಉತ್ತರಗಳಿಗೆ ಇರಲಿ. ಏನು ಬರೆಯುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ವರ್ಷವೇ ನಿಮಗೆ ವಿಷಯ ಕೊಡುತ್ತದೆ. ಬೇಸಿಗೆ ಶುರುವಾಗುವಾಗ ಮಿಡಿ, ಏಪ್ರಿಲ್ ಮೇನಲ್ಲಿ ಹಲಸಿನಕಾಯಿ ಕೊಯ್ಲು ಮತ್ತು ಹಪ್ಪಳ, ಅದರ ಬೆನ್ನಿಗೇ ಮುರುಗಲು ಸಿಪ್ಪೆ ಒಣಗಿಸುವುದು, ಮೊದಲ ಮಳೆ ಬಂತು ಅಂತ ಚಾಪೆ ಸಮೇತ ಹಪ್ಪಳ ಎತ್ತಿಕೊಂಡು ಒಳಗೆ ಓಡುವುದು. ಈ ಕೊನೆಯದನ್ನು ಒಬ್ಬರು ಫೋನಿನಲ್ಲಿ ಇಪ್ಪತ್ತು ಸೆಕೆಂಡ್ ಹಿಡಿದು ಹಾಕಿದರೆ ನಿಮ್ಮ ಎಂಟು ತಿಂಗಳ ಪೋಸ್ಟ್‌ಗಳಿಗಿಂತ ಜಾಸ್ತಿ ಜನ ನೋಡಿದರೂ ಆಶ್ಚರ್ಯವಿಲ್ಲ. ಸಂಗೀತ, ಹಾರುವ ಅಕ್ಷರ ಏನೂ ಬೇಡ. ಕೂಗಾಟ, ನಗು ಹಾಗೇ ಇರಲಿ.

ಒಂದು ಪೋಸ್ಟ್ ಹೇಗಿರಬಹುದು ನೋಡಿ:

"ಇವತ್ತು ಹಪ್ಪಳಕ್ಕೆ ಹಲಸಿನಕಾಯಿ ಕೊಯ್ದೆವು. ಕಾಯಿ ಬಲಿತಿರಬೇಕು, ಹಣ್ಣಿನ ವಾಸನೆ ಬರಬಾರದು. ಹಣ್ಣಾದ ಸೊಳೆ ಸೇರಿದರೆ ಕರಿಯುವಾಗ ಹಪ್ಪಳ ಕೆಂಪಾಗಿಬಿಡತ್ತೆ. ನಿಮ್ಮ ಮನೇಲಿ ಹಪ್ಪಳಕ್ಕೆ ಏನು ಹಾಕ್ತಿದ್ರು? ಜೀರಿಗೆನಾ, ಕೊತ್ತಂಬರಿನಾ?"

ಜೊತೆಗೆ ಸೊಳೆ ಬಿಡಿಸುತ್ತಿರುವ ಎಣ್ಣೆ ಕೈಗಳ ಒಂದು ಫೋಟೊ. ಇಷ್ಟೇ. ಇದರಲ್ಲಿ ಶುದ್ಧ ಅನ್ನುವ ಪದ ಇಲ್ಲ, ಆದರೆ ಓದಿದವರಿಗೆ ಶುದ್ಧ ಅಂತ ಅನ್ನಿಸುತ್ತದೆ. ಕೊನೆಯಲ್ಲಿ ಇರುವ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಅದಕ್ಕೆ ಉತ್ತರ ಕೊಡಲು ಯಾರೂ ಕಷ್ಟಪಡಬೇಕಾಗಿಲ್ಲ, ಅಮ್ಮನನ್ನೋ ಅಜ್ಜಿಯನ್ನೋ ನೆನಪು ಮಾಡಿಕೊಂಡರೆ ಆಯಿತು. "ನಮ್ಮಲ್ಲಿ ಎಳ್ಳು ಹಾಕ್ತಿದ್ರು" ಅಂತ ಒಬ್ಬರು ಬರೆದರೆ "ಕರಿ ಎಳ್ಳಾ? ಯಾವೂರು ನಿಮ್ಮದು?" ಅಂತ ಕೇಳಿ. ಮಾತು ಬೆಳೆಯುವುದು ಹೀಗೇ. ಮೇಲೆ ಹೇಳಿದ 75ರ ಲೆಕ್ಕವೂ ಇದೇ.

ಲಿಂಕ್ ವಿಷಯ ಒಂದು. ಪ್ರತಿ ಪೋಸ್ಟಿಗೂ ವಾಟ್ಸಾಪ್ ಲಿಂಕ್ ಅಂಟಿಸುವುದನ್ನು ಬಿಡಿ. ಹೊರಗಿನ ಲಿಂಕ್ ಇರುವ ಪೋಸ್ಟ್‌ಗಳಿಗೆ ಎಕ್ಸ್‌ನಲ್ಲಿ ಓಟ ಕಡಿಮೆ ಅನ್ನುವ ದೂರು ಹಳೆಯದು. 2024ರ ನವೆಂಬರ್‌ನಲ್ಲಿ ಮಾಲೀಕ ಇಲಾನ್ ಮಸ್ಕ್ ಅವರೇ, ಮುಖ್ಯ ಪೋಸ್ಟಿನಲ್ಲಿ ವಿವರ ಬರೆದು ಲಿಂಕನ್ನು ಕೆಳಗಿನ ಉತ್ತರದಲ್ಲಿ ಹಾಕಿ ಅಂದಿದ್ದರು. ಈ ನಿಯಮ ನಾಳೆ ಬದಲಾದರೂ ನಿಮಗೇನೂ ನಷ್ಟವಿಲ್ಲ. ಲಿಂಕ್ ಪ್ರೊಫೈಲಿನಲ್ಲಿದೆ, ಪಿನ್ ಮಾಡಿದ ಪೋಸ್ಟಿನಲ್ಲೂ ಇದೆ. ಬೇಕಾದವರು ಹುಡುಕಿಕೊಂಡು ಬರುತ್ತಾರೆ.

ಕನ್ನಡದಲ್ಲಿ ಬರೆಯುವವರಿಗೆ ಅಕ್ಷರದ ಲೆಕ್ಕ ಸ್ವಲ್ಪ ತಿಳಿದಿರಬೇಕು. ಟ್ವಿಟ್ಟರ್‌ನಲ್ಲಿ ಮೊದಲಿನ ವರ್ಷಗಳಲ್ಲಿ 140 ಅಕ್ಷರದ ಮಿತಿ ಇತ್ತು. ಅದು ಬಂದದ್ದು ಎಸ್ಎಂಎಸ್‌ನಿಂದ. ಎಸ್ಎಂಎಸ್‌ಗೆ 160 ಅಕ್ಷರ, ಅದರಲ್ಲಿ 20 ಬಳಕೆದಾರರ ಹೆಸರಿಗೆ ಬಿಟ್ಟರು. 2017ರ ನವೆಂಬರ್‌ನಲ್ಲಿ ಅದು 280 ಆಯಿತು. ಆದರೆ ಇದು ನಮ್ಮ ಕಣ್ಣಿಗೆ ಕಾಣುವ ಅಕ್ಷರ ಅಲ್ಲ. ಗುಣಿತ, ಒತ್ತು ಎಲ್ಲವೂ ಬೇರೆ ಬೇರೆ ಎಣಿಕೆಗೆ ಬರುತ್ತವೆ. "ಅಪ್ಪೆಮಿಡಿ" ನಮಗೆ ನಾಲ್ಕು ಅಕ್ಷರ, ಎಕ್ಸ್‌ಗೆ 9. "ಉಪ್ಪಿನಕಾಯಿ" ನಮಗೆ ಐದು, ಅದಕ್ಕೆ 10. "ಸ್ತ್ರೀ" ಒಂದೇ ಅಕ್ಷರ, ಅದಕ್ಕೆ 6. ಹಾಗಾಗಿ ದುಡ್ಡು ಕೊಡದ ಖಾತೆಯಲ್ಲಿ ಕನ್ನಡದ ಪೋಸ್ಟ್ ಅಂದರೆ ಸುಮಾರು 30 ಪದ. ಲಿಂಕ್ ಎಷ್ಟೇ ಉದ್ದ ಇದ್ದರೂ 23 ಅಕ್ಷರ ತಿನ್ನುತ್ತದೆ, ಒಂದು ಇಮೋಜಿ 2. ಫೋಟೊಗೆ ಲೆಕ್ಕವಿಲ್ಲ. ಈಗ ನಿಮ್ಮ ಹನ್ನೆರಡು ಹ್ಯಾಶ್‌ಟ್ಯಾಗ್ ಎಷ್ಟು ಜಾಗ ನುಂಗುತ್ತಿವೆ ಅಂತ ನೀವೇ ಎಣಿಸಿ ನೋಡಿ. ಒಂದು ಸಾಕು, ಅದೂ ಜನ ನಿಜವಾಗಿ ಬಳಸುವಂಥದ್ದು.

ಹ್ಯಾಶ್‌ಟ್ಯಾಗ್ ಅಂದಾಗ ಇನ್ನೊಂದು ಮಾತು. ಕ್ರಿಕೆಟ್, ಸಿನಿಮಾ ಅಂತ ಅವತ್ತು ಓಡುತ್ತಿರುವುದನ್ನು ತಂದು ಹಪ್ಪಳದ ಕೆಳಗೆ ಅಂಟಿಸುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. 2014ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪಿಜ್ಜಾ ಬ್ರ್ಯಾಂಡ್ ಡಿಜೋರ್ನೊ, "ನಾನ್ಯಾಕೆ ಅಲ್ಲೇ ಉಳಿದೆ" ಎಂಬ ಅರ್ಥದ ಒಂದು ಹ್ಯಾಶ್‌ಟ್ಯಾಗ್ ಓಡುತ್ತಿರುವುದನ್ನು ನೋಡಿ, "ಪಿಜ್ಜಾ ಇತ್ತಲ್ಲ" ಅಂತ ತಮಾಷೆ ಮಾಡಿತು. ಅದು ಗಂಡನಿಂದಲೋ ಸಂಗಾತಿಯಿಂದಲೋ ಹೊಡೆತ ತಿಂದ ಹೆಂಗಸರು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದ ಜಾಗ. ಪೋಸ್ಟ್ ಅಳಿಸಿ, ಬೈದವರಿಗೆ ಒಬ್ಬೊಬ್ಬರಿಗೂ ಕ್ಷಮೆ ಕೇಳಬೇಕಾಯಿತು. ಒಳಗೆ ಏನಿದೆ ಅಂತ ಓದದೆ ಹ್ಯಾಶ್‌ಟ್ಯಾಗ್ ಮುಟ್ಟಬಾರದು. ಸ್ವಂತ ಹ್ಯಾಶ್‌ಟ್ಯಾಗ್ ಹುಟ್ಟುಹಾಕುವ ಆಸೆಯೂ ಬೇಡ. 2012ರ ಜನವರಿಯಲ್ಲಿ ಮೆಕ್‌ಡೊನಾಲ್ಡ್ಸ್ ದುಡ್ಡು ಕೊಟ್ಟು ಜನರಿಂದ ಒಳ್ಳೆಯ ಕಥೆ ಹೇಳಿಸಲು ಹೋಗಿ, ಬಂದ ಬೈಗುಳ ನೋಡಿ ಎರಡೇ ಗಂಟೆಯಲ್ಲಿ ನಿಲ್ಲಿಸಿತು.

ಕನ್ನಡವೋ ಇಂಗ್ಲಿಷೋ ಅಂತ ಕೇಳಿದ್ದೀರಿ. ಕನ್ನಡದಲ್ಲೇ ಬರೆಯಿರಿ, ನೀವು ಮಾತಾಡುವ ಕನ್ನಡದಲ್ಲೇ. ಅಪ್ಪೆಮಿಡಿ ಅಂದರೆ ಏನು ಅಂತ ವಿವರಿಸಬೇಕಾದ ಗಿರಾಕಿಗಿಂತ, ಹೆಸರು ಕೇಳಿದರೇ ಬಾಯಲ್ಲಿ ನೀರು ಬರುವ ಗಿರಾಕಿ ನಿಮಗೆ ಮೊದಲು ಬೇಕು. ಅಂಥವರು ಕನ್ನಡದಲ್ಲೇ ಇದ್ದಾರೆ. ಆದರೆ ಇಂಗ್ಲಿಷ್‌ನಲ್ಲಿ ಕೇಳಿದವರಿಗೆ ಇಂಗ್ಲಿಷ್‌ನಲ್ಲೇ ಉತ್ತರ ಕೊಡಿ, ವ್ಯಾಕರಣ ಹೆಚ್ಚು ಕಡಿಮೆ ಆದರೂ ಪರವಾಗಿಲ್ಲ.

ಹೊರದೇಶದ ಕನ್ನಡಿಗರನ್ನು ಮರೆಯಬೇಡಿ. ಅಲ್ಲಿಗೆ ಉಪ್ಪಿನಕಾಯಿ ಕಳಿಸುವ ತಲೆನೋವು ಈಗಲೇ ಬೇಡ. ಆದರೆ ಅವರು ಬೆಂಗಳೂರಿನಲ್ಲಿರುವ ಅಪ್ಪ ಅಮ್ಮನಿಗೆ ತರಿಸಿಕೊಡುತ್ತಾರೆ. ರಜೆಗೆ ಬಂದವರು ವಾಪಸ್ ಹೋಗುವಾಗ ಸೂಟ್‌ಕೇಸಿನಲ್ಲಿ ಹಪ್ಪಳ ತುಂಬಿಕೊಂಡು ಹೋಗುತ್ತಾರೆ. "ಸೂಟ್‌ಕೇಸಿನಲ್ಲಿ ಪುಡಿಯಾಗದ ಹಾಗೆ ಗಟ್ಟಿ ಡಬ್ಬಿಯಲ್ಲಿ ಕಟ್ಟಿ ಕೊಡುತ್ತೇವೆ, ಹೊರಡುವ ತಾರೀಕು ಹೇಳಿ" ಅನ್ನುವ ಒಂದು ಪೋಸ್ಟ್ ಹಾಕಿ ನೋಡಿ. ಪೋಸ್ಟ್ ಹಾಕುವ ಹೊತ್ತನ್ನೂ ನೋಡಿಕೊಳ್ಳಿ. ನಮ್ಮಲ್ಲಿ ರಾತ್ರಿ ಎಂಟೂವರೆ ಅಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿನಲ್ಲಿ ಬೆಳಗ್ಗೆ ಹನ್ನೊಂದು, ಲಂಡನ್ನಿನಲ್ಲಿ ಸಂಜೆ ನಾಲ್ಕು. ಬೆಂಗಳೂರಿನವರೂ ಊಟದ ಹೊತ್ತಿಗೆ ಫೋನ್ ಹಿಡಿದಿರುತ್ತಾರೆ. ಆ ಸಮಯ ನಿಮಗೂ ಅನುಕೂಲ ಅನ್ನಿಸುತ್ತದೆ, ಒಲೆಯ ಕೆಲಸ ಮುಗಿದಿರುತ್ತದೆ.

ಮಾರಾಟದ ಪೋಸ್ಟ್ ಹಾಕಲೇಬಾರದಾ? ಖಂಡಿತ ಹಾಕಬೇಕು, ಆದರೆ ಅದರಲ್ಲಿ ಸುದ್ದಿ ಇರಬೇಕು. ಡೆಲ್ ಕಂಪ್ಯೂಟರ್ ಕಂಪನಿ 2007ರಲ್ಲಿ ಔಟ್‌ಲೆಟ್ ಅಂತ ಒಂದು ಟ್ವಿಟ್ಟರ್ ಖಾತೆ ತೆರೆಯಿತು. ಗಿರಾಕಿಗಳು ವಾಪಸ್ ಮಾಡಿದ, ಸರಿಪಡಿಸಿದ ಕಂಪ್ಯೂಟರ್‌ಗಳನ್ನು ರಿಯಾಯಿತಿಯಲ್ಲಿ ಮಾರುವ ವಿಭಾಗ ಅದು. 2009ರ ಡಿಸೆಂಬರ್ ಹೊತ್ತಿಗೆ ಟ್ವಿಟ್ಟರ್‌ನಿಂದ 65 ಲಕ್ಷ ಡಾಲರ್ ವ್ಯಾಪಾರ ಆಗಿದೆ ಅಂತ ಕಂಪನಿ ಹೇಳಿತು. ವರ್ಷಕ್ಕೆ 5,000 ಕೋಟಿ ಡಾಲರ್‌ಗೂ ಜಾಸ್ತಿ ವ್ಯಾಪಾರ ಮಾಡುವ ಕಂಪನಿಗೆ ಇದು ಏನೂ ಅಲ್ಲ, ನಿಜ. ಆದರೆ ಯಾವ ಸರಕು ಹೋಯಿತು ಅನ್ನುವುದನ್ನು ನೋಡಿ. ಇರುವುದು ಸ್ವಲ್ಪವೇ, ಇವತ್ತು ಇದ್ದದ್ದು ನಾಳೆ ಇರುವುದಿಲ್ಲ. ನಿಮ್ಮ ಸರಕೂ ಹಾಗೇ ತಾನೇ? "ಈ ಸಲದ ಹಪ್ಪಳ 60 ಕಟ್ಟು ಆಗಿದೆ. 20 ಊರಿಗೆ, 40 ಆರ್ಡರ್‌ಗೆ. ಮಳೆ ಹಿಡಿದ ಮೇಲೆ ಮತ್ತೆ ಮಾಡಲ್ಲ" ಎಂದು ಬರೆಯಿರಿ. ಸಂಜೆ "ಇನ್ನು 11 ಕಟ್ಟು ಉಳಿದಿದೆ" ಅಂತ ಅದರ ಕೆಳಗೇ ಇನ್ನೊಂದು ಸಾಲು. ಮುಗಿದ ಮೇಲೆ "ಮುಗೀತು" ಅಂತ ಹಾಕಿ. ಸುಳ್ಳು ಕೊರತೆ ಮಾತ್ರ ಹೇಳಬೇಡಿ. 60ರ ಮೇಲೆ ಇನ್ನೂ 40 ಅಟ್ಟದ ಮೇಲಿದೆ ಅಂತ ಮುಂದಿನ ವಾರ ಗೊತ್ತಾದರೆ ಯಾರೂ ನಂಬುವುದಿಲ್ಲ.

ಆರ್ಡರ್ ಬರಲು ಶುರುವಾದರೆ ದೂರೂ ಬರುತ್ತದೆ. ಕೊರಿಯರ್‌ನಲ್ಲಿ ಹಪ್ಪಳ ಪುಡಿಯಾಗುತ್ತದೆ, ಭರಣಿ ಸೋರುತ್ತದೆ, ಯಾರೋ ಒಬ್ಬರು ಎಣ್ಣೆ ಬಸಿದ ಪೆಟ್ಟಿಗೆಯ ಫೋಟೊ ಎಲ್ಲರೆದುರು ಹಾಕುತ್ತಾರೆ. ಅಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಅನ್ನುವುದನ್ನು ಉಳಿದ ಗಿರಾಕಿಗಳು ನೋಡುತ್ತಿರುತ್ತಾರೆ. ಪ್ರಯಾಣಿಕರ ದೂರು ಕೇಳಲು ರೈಲ್ವೆಯವರು ಎಕ್ಸ್‌ನಲ್ಲಿ ಇಟ್ಟಿರುವ ರೈಲ್ವೆ ಸೇವಾ ಖಾತೆಯನ್ನು ಗಮನಿಸಿ. ಯಾರಾದರೂ ಬೋಗಿಯಲ್ಲಿ ನೀರಿಲ್ಲ ಅಂತ ಬರೆದರೆ ಕೆಳಗೆ ಎಲ್ಲರಿಗೂ ಕಾಣುವ ಹಾಗೆ ಉತ್ತರ ಬರುತ್ತದೆ, ಪಿಎನ್ಆರ್ ಮತ್ತು ಮೊಬೈಲ್ ನಂಬರ್ ಮಾತ್ರ ಡಿಎಂನಲ್ಲಿ ಕಳಿಸಿ ಅನ್ನುತ್ತಾರೆ. ಈ ಕ್ರಮ ಚೆನ್ನಾಗಿದೆ. ಮೊದಲ ಉತ್ತರ ಎಲ್ಲರೆದುರು: "ನೋಡಿ ಬೇಜಾರಾಯಿತು. ಬೇರೆ ಭರಣಿ ನಾಳೆಯೇ ಕಳಿಸುತ್ತೇವೆ, ವಿಳಾಸ ಡಿಎಂ ಮಾಡಿ." ವಿಳಾಸ, ಫೋನ್, ದುಡ್ಡಿನ ಮಾತು ಒಳಗೆ. ತಪ್ಪು ಕೊರಿಯರ್‌ನವರದ್ದು ಅಂತ ಅಲ್ಲಿ ವಾದಕ್ಕೆ ಇಳಿಯಬೇಡಿ. ಇಳಿದರೆ ಗೆದ್ದರೂ ಸೋತ ಹಾಗೆ. ಸೋರಿದ ಭರಣಿಯ ಫೋಟೊ ಹಾಕಿದವರೇ ಹೊಸ ಭರಣಿಯ ಫೋಟೊ ಹಾಕಿದರೆ ಅದಕ್ಕಿಂತ ದೊಡ್ಡ ಜಾಹೀರಾತು ದುಡ್ಡು ಕೊಟ್ಟರೂ ಸಿಗುವುದಿಲ್ಲ.

ಒಂದು ವಿಷಯದಲ್ಲಿ ಎಚ್ಚರ ಇರಲಿ. ಮುರುಗಲು ತೂಕ ಇಳಿಸುತ್ತದೆ, ಸಕ್ಕರೆ ಕಾಯಿಲೆ ಕಡಿಮೆ ಮಾಡುತ್ತದೆ ಅಂತೆಲ್ಲ ವಾಟ್ಸಾಪ್‌ನಲ್ಲಿ ಓಡುವುದನ್ನು ನಿಮ್ಮ ಖಾತೆಯಲ್ಲಿ ಹಾಕಬೇಡಿ. ಮಾರುವವರು ಬರೆದ ಪೋಸ್ಟ್ ಕೂಡ ಜಾಹೀರಾತೇ. ಆಹಾರ ಪದಾರ್ಥ ಕಾಯಿಲೆ ವಾಸಿ ಮಾಡುತ್ತದೆ ಎಂದು ಹೇಳಿ ಮಾರುವ ಹಾಗಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೂ ದಂಡ ಇದೆ. "ಬಿಸಿಲಿಗೆ ತಂಪು, ಊಟದ ಜೊತೆ ಚೆನ್ನ" ಅಂದರೆ ಸಾಕು. ನಿಮ್ಮ ಎಫ್ಎಸ್ಎಸ್ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿಯ 14 ಅಂಕಿಯ ಸಂಖ್ಯೆ ಪೊಟ್ಟಣದ ಚೀಟಿಯ ಮೇಲೆ ಹೇಗೂ ಇರಬೇಕು, ಪಿನ್ ಮಾಡಿದ ಪೋಸ್ಟಿನ ಫೋಟೊದಲ್ಲೂ ಕಾಣಲಿ. ನಗರದ ಗಿರಾಕಿ ಅದನ್ನು ನೋಡುತ್ತಾರೆ. ಹೆಸರಿರುವ ಯಾರಿಗಾದರೂ ಪುಕ್ಕಟೆ ಭರಣಿ ಕಳಿಸಿ ಬರೆಯಿರಿ ಅಂದರೆ, ಅದು ಪುಕ್ಕಟೆ ಬಂದದ್ದು ಅಂತ ಅವರು ಪೋಸ್ಟಿನಲ್ಲೇ ಹೇಳಬೇಕು. ಜಾಹೀರಾತು ಮಾನದಂಡ ಮಂಡಳಿಯ ಈ ಮಾರ್ಗಸೂಚಿ 2021ರ ಜೂನ್‌ನಿಂದ ಇದೆ.

ಬಂದ ಗಿರಾಕಿಗಳ ಹೆಸರು, ನಂಬರ್, ಏನು ಕೊಂಡರು ಅನ್ನುವುದನ್ನು ಅವರ ಒಪ್ಪಿಗೆ ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಎಕ್ಸ್ ನಮ್ಮ ಜಾಗ ಅಲ್ಲ. ಕೂ ನೆನಪಿದೆಯಾ? ಬೆಂಗಳೂರಿನಲ್ಲೇ ಹುಟ್ಟಿದ, ಟ್ವಿಟ್ಟರ್ ಥರದ್ದೇ ಆ್ಯಪ್. 2020ರಲ್ಲಿ ಬಂತು, ಮೊದಲು ಶುರುವಾಗಿದ್ದೇ ಕನ್ನಡದಲ್ಲಿ. ಎಷ್ಟೋ ಜನ ಅಲ್ಲಿ ಸಾವಿರಾರು ಫಾಲೋವರ್ಸ್ ಮಾಡಿಕೊಂಡಿದ್ದರು. 2024ರ ಜುಲೈನಲ್ಲಿ ಬಾಗಿಲು ಹಾಕಿತು. ಆ ಫಾಲೋವರ್ಸ್ ನಂಬರ್ ಬರೆದಿಟ್ಟುಕೊಂಡವರು ಅವರಿಗೆ ವಾಟ್ಸಾಪ್ ಮಾಡಬಹುದಿತ್ತು, ಉಳಿದವರು ಮತ್ತೆ ಒಂದರಿಂದ ಎಣಿಸಬೇಕಾಯಿತು. ಮುಂದಿನ ಬೇಸಿಗೆಯಲ್ಲಿ "ಮಿಡಿ ಬಂತು" ಅಂತ ಮೊದಲ ಸಂದೇಶ ಹೋಗಬೇಕಾದದ್ದು ಈ ಪುಸ್ತಕದಲ್ಲಿರುವವರಿಗೆ, ಆಮೇಲೆ ಎಕ್ಸ್‌ಗೆ.

ನೀಲಿ ಟಿಕ್, ದುಡ್ಡು ಕೊಟ್ಟು ಪೋಸ್ಟ್ ಓಡಿಸುವುದು, ಈ ವರ್ಷ ಎರಡೂ ಬೇಡ. ಉತ್ತರ ಕೊಡುವ ಅಭ್ಯಾಸ ಕೈಗೆ ಹತ್ತುವ ಮೊದಲೇ ಜನರನ್ನು ಕರೆದರೆ ಬಂದವರು ಸುಮ್ಮನೆ ಹೋಗುತ್ತಾರೆ.

ಕೊನೆಯದಾಗಿ, ಇದನ್ನು ಎಷ್ಟು ದಿನ ಮಾಡಿ ನೋಡುವುದು ಅನ್ನುವ ವಿಷಯ. ದಿನಕ್ಕೆ ಅರ್ಧ ಗಂಟೆ ಸಾಕು. ಮೊದಲ ಹತ್ತು ನಿಮಿಷ ನಿಮ್ಮ ಪೋಸ್ಟಿಗೆ ಬಂದ ಮಾತುಗಳಿಗೆ ಉತ್ತರ, ಆಮೇಲೆ ಹುಡುಕಾಟ ಮತ್ತು ಬೇರೆಯವರಿಗೆ ಉತ್ತರ, ಕೊನೆಗೆ ಸಮಯ ಉಳಿದರೆ ಹೊಸ ಪೋಸ್ಟ್. ಪ್ರತಿ ಆರ್ಡರ್‌ಗೂ "ನಮ್ಮ ಬಗ್ಗೆ ಎಲ್ಲಿ ಗೊತ್ತಾಯಿತು?" ಅಂತ ಕೇಳಿ ಪುಸ್ತಕದಲ್ಲಿ ಬರೆಯಿರಿ. ಎಕ್ಸ್ ತೋರಿಸುವ ಇಂಪ್ರೆಷನ್ ಲೆಕ್ಕ, ಅಂದರೆ ಪೋಸ್ಟ್ ಎಷ್ಟು ಸಲ ಜನರ ಪರದೆಗೆ ಬಂತು ಅನ್ನುವುದನ್ನು ನೋಡಬೇಡಿ, ಅದರಲ್ಲಿ ಹಪ್ಪಳ ಮಾರಾಟ ಆಗುವುದಿಲ್ಲ. ಮಿಡಿ ಕಾಲದಿಂದ ಚೌತಿಯವರೆಗೆ ಒಂದು ಸುತ್ತು ಮಾಡಿ ನೋಡಿ. ಅಷ್ಟರಲ್ಲಿ ಎಕ್ಸ್‌ನಿಂದ ಬಂದ ಆರ್ಡರ್‌ಗಳ ಲಾಭ ಆ ಅರ್ಧ ಗಂಟೆಗಳ ಕೂಲಿಯನ್ನಾದರೂ ಹುಟ್ಟಿಸದಿದ್ದರೆ, ಅಥವಾ ನಿಮ್ಮ ಏಳು ಜನರಲ್ಲಿ ಗುರುತಿಲ್ಲದವರ ಜೊತೆ ಹೀಗೆ ಮಾತಾಡುವುದು ಯಾರಿಗೂ ಇಷ್ಟವೇ ಇಲ್ಲ ಅಂತಾದರೆ, ಧೈರ್ಯವಾಗಿ ಬಿಟ್ಟುಬಿಡಿ. ಆ ಸಮಯಕ್ಕೆ ಬೆಂಗಳೂರಿನಲ್ಲಿ ನಡೆಯುವ ಹಲಸಿನ ಮೇಳದಲ್ಲೊಂದು ಮಳಿಗೆ ಹಿಡಿಯಿರಿ. ಇಷ್ಟ ಇರುವವರು ಒಬ್ಬರಿದ್ದರೂ ಸಾಕು, ಫೋನ್ ಅವರ ಕೈಗೆ ಕೊಡಿ. ಅವರು ಸಂಘದ ಅಧ್ಯಕ್ಷರೇ ಆಗಬೇಕಿಲ್ಲ, ಮೇಳದಲ್ಲಿ ಯಾರ ಮುಂದೆ ಜನ ಜಾಸ್ತಿ ಹೊತ್ತು ನಿಲ್ಲುತ್ತಾರೋ ಅವರೇ ಆಗಲಿ.